ಬೀರಪ್ಪನ ಹೆಸರಿಗೆ ಬಿಟ್ಟ ಟಗರು

ಭತ್ತದ ಕೊಯ್ಲು ಮುಗಿದು ಗದ್ದೆಗಳು ಬರಿದಾದ ಮೇಲೆ, ಸಿಂಧನೂರಿನ ನಮ್ಮ ಮನೆಯ ಹಿಂದಿನ ಹಾದಿಯಲ್ಲಿ ಯಾವುದೋ ಒಂದು ಬೆಳಗ್ಗೆ ಕುರಿಯ ಹಿಂಡು ಹಾದು ಹೋಗುತ್ತದೆ. ಕಣ್ಣು ನೋಡುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಹಿಕ್ಕೆ, ಹಾಲು, ಧೂಳು, ಜಾಲಿಕಾಯಿ ಮೆದ್ದ ಬಾಯಿಯ ಒಗರು, ಎಲ್ಲ ಕಲೆತ ವಾಸನೆ. ಎದುರು ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ದೀಪ ಹಚ್ಚಿದ್ದನ್ನು ಹಾಗೇ ಬಿಟ್ಟು ಹಿತ್ತಲ ಬಾಗಿಲು ತೆಗೆದು ನಿಲ್ಲುತ್ತೇನೆ. ಪೂಜೆ ಅರ್ಧಕ್ಕೆ ಬಿಟ್ಟಳೆಂದು ನಮ್ಮ ಮನೆದೇವರು ಬೀರಪ್ಪ ಸಿಟ್ಟಾಗುವವನಲ್ಲ, ಅವನೂ ಕುರಿ ಕಾಯ್ದವನೇ. ಈ ಸಲ ಕುರಿಯವನೊಬ್ಬ ನೀರು ಕೇಳಿದ. ತಂಬಿಗೆ ಕೊಟ್ಟು, ಯಾವ ಕಡೆಯವರಪ್ಪಾ ಎಂದೆ. ಮಸ್ಕಿ ಕಡೆಯವರಂತೆ. ಅವನೇ ಮಾತು ತೆಗೆದ. ಅವರೂರಲ್ಲಿ ಕುರಿಯವರೆಲ್ಲ ಕೂಡಿ ಒಂದು ಸಂಘ ಮಾಡಿಕೊಂಡಿದ್ದಾರೆ, ಒಳ್ಳೆಯ ಕೆಂಗುರಿ ಟಗರುಗಳನ್ನು ಮಾರದೆ ಉಳಿಸಿ ಒಬ್ಬರ ಹಿಂಡಿನಿಂದ ಇನ್ನೊಬ್ಬರ ಹಿಂಡಿಗೆ ಬದಲಿಸುತ್ತಾರೆ, ನಮ್ಮ ನೆಲದ ತಳಿ ನಮ್ಮಲ್ಲೇ ಉಳಿಯಲಿ ಅಂತ. "ಹೊಸಾದೊಂದು ಚಲೋ ಮಾಡ್ಯಾರ್ರೀ ಅಕ್ಕಾರ" ಎಂದ. ಚಲೋದು ಹೌದು. ಹೊಸದೇನೂ ಅಲ್ಲ. ನಮ್ಮಾಯಿ ನೆನಪಾದಳು.

ಆಯಿ ಎಂದರೆ ನಮ್ಮಪ್ಪನ ತಾಯಿ. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಅವ್ವ, ತಮ್ಮಂದಿರು ಎಲ್ಲ ಅಲ್ಲಿ ಕಂಪನಿ ಕೊಟ್ಟ ಸಣ್ಣ ಮನೆಯಲ್ಲಿ. ಜಾಗ ಸಾಲದೆಂದು ನನ್ನನ್ನು ಆಯಿಯ ಹತ್ತಿರ ಬಿಟ್ಟಿದ್ದರು. ಆಗ ಅತ್ತಿದ್ದೆ. ಈಗ ಎಣಿಸಿ ನೋಡಿದರೆ ದೇವರು ನನಗೆ ಮಾಡಿದ ಮೊದಲ ಉಪಕಾರ ಅದೇ. ಲಿಂಗಸುಗೂರು ಮಸ್ಕಿ ನಡುವಿನ ಕಲ್ಲುಗುಡ್ಡದ ಬುಡದಲ್ಲಿ ಆಯಿಯ ಮಣ್ಣಿನ ಮಾಳಿಗೆ ಮನೆ. ಮಗ್ಗುಲಿಗೇ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿದೊಡ್ಡಿ. ಮನೆಗೂ ದೊಡ್ಡಿಗೂ ನಡುವೆ ಒಂದೇ ಗೋಡೆ, ಹೀಗಾಗಿ ಕುರಿ ಕೆಮ್ಮಿದರೆ ನಾವು ಎದ್ದು ಕೂಡುತ್ತಿದ್ದೆವು. ಮಳೆ ಹಿಡಿದರೆ ಎಳೆ ಮರಿಗಳೆಲ್ಲ ಅಡುಗೆಮನೆಗೆ ಬರುತ್ತಿದ್ದವು. ಒಲೆಯ ಕಾವಿಗೆ, ಬುಟ್ಟಿಯ ಕೆಳಗೆ, ನನ್ನ ಕೌದಿಯೊಳಗೆ, ಎಲ್ಲಿ ನೋಡಿದರಲ್ಲಿ ಮರಿ. ಮರಿಯ ಬಾಯಿಂದ ಬರುವ ಹುಳಿಹಾಲಿನ ಉಸಿರು ಮುಖಕ್ಕೆ ತಾಗುತ್ತ ನಿದ್ದೆ ಹತ್ತುತ್ತಿತ್ತು. ಬೆಳಗ್ಗೆ ಬಿಸಿ ಜೋಳದ ರೊಟ್ಟಿಯನ್ನು ಕುರಿಹಾಲಲ್ಲಿ ಮುರಿದು ಹಾಕಿ, ಮೇಲೆ ಬೆಲ್ಲ ಕೆರೆದು ಕೊಡುತ್ತಿದ್ದಳು. ಅದರ ಮೇಲೆ ಕಟ್ಟುತ್ತಿದ್ದ ದಪ್ಪ ಕೆನೆ ನಾನು ಇನ್ಯಾವ ಹಾಲಲ್ಲೂ ಕಂಡಿಲ್ಲ.

ನಮ್ಮವು ಕೆಂಗುರಿ. ಒಣ ತೆಂಗಿನಕಾಯಿಯ ಬಣ್ಣದ ಮೈ, ಜೋಲುವ ಕಿವಿ, ಬಿಸಿಲಿಗೆ ಅಂಜದ ಜಾತಿ. ಕಾದ ಕಲ್ಲಿನ ಮೇಲೆ ದಿನವೆಲ್ಲ ನಡೆದು, ಮುಳ್ಳುಕಂಟಿಯ ತುದಿ ಕಡಿದುಕೊಂಡು, ಸಂಜೆಗೆ ಕೆಚ್ಚಲು ತುಂಬಿಸಿಕೊಂಡು ಬರುತ್ತಿದ್ದವು. ಮನೆಯ ಹಿಂಡು ಅಜ್ಜನದು. ಅಜ್ಜ ಹೋದ ಮೇಲೆ ಅದು ಗಂಡುಮಕ್ಕಳ ಪಾಲಿನದು. ಆದರೆ ಅದರಲ್ಲಿ ಒಂದು ಸಾಲು ಆಯಿಯದೇ ಆಗಿತ್ತು. ನಮ್ಮಲ್ಲಿ ಮಗಳನ್ನು ಕೊಟ್ಟು ಕಳಿಸುವಾಗ ತವರಿನವರು ಒಂದು ಹೆಣ್ಣು ಕುರಿಯನ್ನೂ ಬಳುವಳಿ ಕೊಡುತ್ತಿದ್ದರು. ಅದಕ್ಕೆ ಹುಟ್ಟಿದ್ದು, ಹುಟ್ಟಿದ್ದಕ್ಕೆ ಹುಟ್ಟಿದ್ದು, ಎಲ್ಲ ಆ ಮಗಳದು. ಗಂಡನೂ ಕೇಳದೆ ಮಾರುವಂತಿರಲಿಲ್ಲ. ಆಯಿಯ ತವರಿನಲ್ಲಿ ಆಗಲೇ ಯಾರೂ ಉಳಿದಿರಲಿಲ್ಲ. ಹೀಗಾಗಿ ಆ ಕುರಿಗಳೇ ಅವಳಿಗೆ ತವರು. ಅವುಗಳ ಮೈ ಸವರುತ್ತ, "ಇದರ ಮುತ್ತಜ್ಜಿ ಬಾಳ ಸಿಟ್ಟಿನಾಕಿ, ನಮ್ಮವ್ವನಂಗ" ಎನ್ನುತ್ತಿದ್ದಳು. ಯಾವ ಟಗರನ್ನು ಉಳಿಸಬೇಕೆಂದು ಊರವರು ಅವಳನ್ನು ಕೇಳುತ್ತಿದ್ದರು. ಆಯಿ ಟಗರನ್ನು ನೋಡುತ್ತಲೇ ಇರಲಿಲ್ಲ, ಅದರ ತಾಯಿಯನ್ನು ನೋಡುತ್ತಿದ್ದಳು. ಬರಗಾಲದಲ್ಲಿ ಹಾಲು ಬತ್ತಿತ್ತೇ, ಮೇವು ಕಂಡಾಗ ಮರಿಯನ್ನು ಮರೆತಿತ್ತೇ, ಇಷ್ಟೇ ಅವಳ ಪ್ರಶ್ನೆ. ಆಮೇಲೆ, ಒಂದು ಟಗರು ಒಂದೇ ದೊಡ್ಡಿಯಲ್ಲಿ ಬಹಳ ದಿನ ಇರಬಾರದು ಎಂಬುದು ಅವಳ ಕಟ್ಟು. "ತನ್ನ ಮಕ್ಕಳಿಗೇ ಗಂಡ ಆಗ್ತದ, ಬ್ಯಾಡ" ಎಂದು ನೇರ ಹೇಳಿಬಿಡುತ್ತಿದ್ದಳು.

ಒಂದು ಮಳೆಗಾಲ ಬೇನೆ ಬಂತು. ಮೂಗು ಸೋರಿ, ಬಾಯಿ ಹುಣ್ಣಾಗಿ ಕುರಿಗಳು ನಿಂತಲ್ಲೇ ಕುಸಿದವು. ಆಯಿ ಬೇವು ಅರೆದಳು, ಹೊಗೆ ಹಾಕಿದಳು, ಹರಕೆ ಹೊತ್ತಳು. ಹಿಂಡಿನ ಅರ್ಧದಷ್ಟು ಉಳಿಯಿತು. ಅವಳ ತವರಿನ ಸಾಲಿನಲ್ಲಿ ಮಾತ್ರ ಒಂದೇ ಒಂದು ಉಳಿಯಿತು, ಇನ್ನೂ ಹಾಲು ಕುಡಿಯುವ ಗಂಡುಮರಿ. ತಾಯಿ ಸತ್ತ ಆ ಮರಿಗೆ ಆಯಿ ಆಡಿನ ಕೆಚ್ಚಲು ಕಲಿಸಿದಳು. ಆಡು ಒದೆಯುತ್ತಿತ್ತು, ಆಯಿ ಅದರ ಕಾಲು ತನ್ನ ತೊಡೆಯ ನಡುವೆ ಒತ್ತಿ ಹಿಡಿದು, "ಕುಡಿಯೋ ನನ್ನ ತಮ್ಮಾ, ಸಾಲಿನಾಗ ನೀನೊಬ್ಬನೇ ಅದಿ" ಎನ್ನುತ್ತಿದ್ದಳು. ಮರಿ ಬದುಕಿತು. ಮರುವರ್ಷಕ್ಕೆ ಎಂಥ ಟಗರಾಯಿತು ಎಂದರೆ, ಹಾದಿಯಲ್ಲಿ ಹೋಗುವವರು ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದರು.

ನೋಡಿದವರಲ್ಲಿ ಲಿಂಗಸುಗೂರಿನ ಕುರಿ ವ್ಯಾಪಾರಿ ಖಾಸೀಮಸಾಬನೂ ಒಬ್ಬ. ಅಪ್ಪನ ತಮ್ಮ ಹನುಮಂತ ಕಾಕಾ ಅವನಿಗೆ ಹಬ್ಬಕ್ಕೆ ಕೊಯ್ಯಲು ಟಗರು ಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದ. ಕಾಕಾ ಕೆಟ್ಟವನಲ್ಲ. ಕಾಲುವೆ ನೀರು ಬಂದಲ್ಲೆಲ್ಲ ಮೇಯಿಸುವ ಬೀಳು ಗದ್ದೆಯಾಗುತ್ತಿತ್ತು, ಕುರಿಯನ್ನು ನಂಬಿದರೆ ನಾಳೆ ನಿಲ್ಲಲು ಜಾಗ ಇರುವುದಿಲ್ಲ ಎಂದು ಅವನ ಅಂಜಿಕೆ. ಗೊರೇಬಾಳದಲ್ಲಿ ಲೀಜಿಗೆ ಗದ್ದೆ ಹಿಡಿಯುವ ಆಸೆ ಇತ್ತು. ಮಾತು ಕೊಟ್ಟ ಸುದ್ದಿ ಆಯಿಯ ಕಿವಿಗೆ ಬಿತ್ತು. ಮರುದಿನ ಸೋಮವಾರ. ಮಿಂದು, ತಲೆಗೂದಲು ಒಣಗುವ ಮೊದಲೇ ದೇವರ ಜಗಲಿಯ ಭಂಡಾರದ ಚೀಲ ತೆಗೆದುಕೊಂಡು ದೊಡ್ಡಿಗೆ ಹೋದಳು. ಟಗರಿನ ಹಣೆಗೆ, ಬೆನ್ನಿಗೆ, ಕೊಂಬಿಗೆ ಅರಿಶಿನಪುಡಿ ಬಳಿದು, ಅಕ್ಕಪಕ್ಕದವರನ್ನು ಕರೆದು ಅವರೆದುರಿಗೆ ಹೇಳಿದಳು: "ಇವತ್ತಿನಿಂದ ಇದು ನಂದಲ್ಲ, ಬೀರಪ್ಪಂದು. ಕೊಯ್ಯಾಕ ಬಿಟ್ಟದ್ದಲ್ಲ, ಬಾಳಾಕ ಬಿಟ್ಟದ್ದು."

ಕಾಕಾ ಬಾಯಲ್ಲಿದ್ದ ಬೇವಿನ ಕಡ್ಡಿ ತೆಗೆದು ನಿಂತ. "ನಿಮ್ಮ ಬೀರಪ್ಪ ಯಾವಾಗ ಕೇಳಿದ ಬೇ ಇದನ್ನ?"

"ನಿನ್ನಿ ರಾತ್ರಿ ಕೇಳಿದ."

"ನನಗೇನು ಕೇಳಿಸ್ಲಿಲ್ಲ."

"ನೀ ಗೊರಕಿ ಹೊಡಿಯಾಕತ್ತಿದ್ದಿ."

ನೆರೆದವರು ನಕ್ಕರು. ಕಾಕಾನ ಮುಖ ಸಣ್ಣದಾಯಿತು, ಕೊಟ್ಟ ಮಾತು ತಪ್ಪಿತಲ್ಲ. ಖಾಸೀಮಸಾಬ ಬಂದಾಗ ಅವನು ಮನೆಯೊಳಗೇ ಕೂತುಬಿಟ್ಟ. ಆಯಿಯೇ ಹೊರಗೆ ಬಂದು ಚಾಪೆ ಹಾಸಿ, ನನ್ನ ಕೈಯಲ್ಲಿ ಚಹಾ ಕೊಡಿಸಿದಳು. ಖಾಸೀಮಸಾಬ ಟಗರಿನ ಹಣೆಯ ಭಂಡಾರ ನೋಡಿದ, ಆಯಿಯ ಮುಖ ನೋಡಿದ. "ಅವ್ವಾ, ನೀವು ಬಾಳ ಹುಷಾರ್ ಅದೀರಿ. ನಿಮ್ಮ ಹುಡುಗ ಜಬಾನ್ ಕೊಟ್ಟಾನ, ನೀವು ದೇವರನ್ನ ನಡುವ ನಿಂದ್ರಿಸೀರಿ. ನಾ ಯಾರ ಮ್ಯಾಲ ಜಗಳಾಡ್ಲಿ?"

"ನನ್ನ ಮ್ಯಾಲ ಆಡು ತಮ್ಮಾ. ನಾನೇ ಅಲ್ಲೇನು ಮುದುಕಿ, ಬೈಸಿಕೊಂತೀನಿ."

ಅವನು ಬೈಯಲಿಲ್ಲ. ಚಹಾ ಮುಗಿಸಿ, ಎದ್ದು ಟಗರಿನ ಬೆನ್ನ ಮೇಲೆ ಕೈ ಆಡಿಸಿದ. "ದೇವರ ಪಾಲಿನ ಮಾಲಿಗಿ ನಾ ಕೈ ಹಚ್ಚಂಗಿಲ್ಲ. ಖರೇ ಹೇಳ್ಬೇಕಂದ್ರ ಅವ್ವಾ, ಇಂಥಾವನ್ನೆಲ್ಲ ನಾವು ಕೊಯ್ಕೊಂತ ಹೋದ್ರ ನಾಳಿಗಿ ಸಂತ್ಯಾಗ ಏನ್ ಮಾರೂಣು?" ಹಾಗೆಂದವನು, ಮುಂದೆ ಹೋದ ಸಂತೆಯಲ್ಲೆಲ್ಲ ಈ ಟಗರಿನ ಸುದ್ದಿ ಹೇಳಿದ. ಸಾಲಗುಂದದಿಂದ, ಮಸ್ಕಿಯ ಆಚೆಯಿಂದ ಕುರಿಯವರು ಹೆಣ್ಣು ಕುರಿ ಹೊಡೆದುಕೊಂಡು ಬಂದದ್ದು ಅವನ ಬಾಯಿಂದಲೇ. ದೇವರ ಟಗರೆಂದ ಮೇಲೆ ಯಾರಿಗೂ ಬೇಡ ಎನ್ನುವಂತಿಲ್ಲ, ದುಡ್ಡು ಕೇಳುವಂತಿಲ್ಲ. ಆಯಿ ಬಂದವರಿಗೆ ರೊಟ್ಟಿ ಬಡಿದಳು, ಅವರ ಕುರಿಗಳಿಗೆ ಹಿತ್ತಲಿನ ಹುರುಳಿ ಹೊಟ್ಟು ಹಾಕಿದಳು. ಒಂದು ಸುಗ್ಗಿ ಕಳೆದ ಮೇಲೆ ಟಗರು ಮಸ್ಕಿ ಕಡೆಯ ಒಂದು ಹಿಂಡಿನ ಜೊತೆ ಹೊರಟಿತು. ಆಯಿ ತಡೆಯಲಿಲ್ಲ, ಅವಳದೇ ಕಟ್ಟು ಅದು. ಕಾಕಾ ಮಾತ್ರ ಕೊಂಬು ಹಿಡಿದು ಊರಾಚೆಯ ಹಳ್ಳದ ತನಕ ಕಳಿಸಿ ಬಂದ. ಬರುವಾಗ ಕಣ್ಣು ಉಜ್ಜಿಕೊಳ್ಳುತ್ತ, ಏನೋ ಕಸ ಬಿದ್ದಿದೆ ಎಂದ.

ಆ ಮನೆ ಈಗಿಲ್ಲ. ಮಾಳಿಗೆ ಕುಸಿದು, ತೊಲೆಗಳನ್ನು ಯಾರೋ ಒಯ್ದು, ಜಾಗ ನೆಲಸಮವಾಗಿದೆ. ಕಾಕಾ ಹೇಳಿದ್ದೂ ಸುಳ್ಳಾಗಲಿಲ್ಲ, ಮೇವಿನ ಬೀಳು ಹೋಯಿತು. ಟಗರು ಹೋದ ವರ್ಷವೇ ಅವನು ಉಳಿದ ಹಿಂಡನ್ನು ಮಾರಿ ಗೊರೇಬಾಳ ಸೇರಿದ. ಮಕ್ಕಳನ್ನು ಉಪವಾಸ ಮಲಗಿಸಲಿಲ್ಲ, ಅದಕ್ಕೂ ನಾನು ದೇವರಿಗೆ ಕೈ ಮುಗಿಯುತ್ತೇನೆ. ಆಯಿ ಮನೆ ಬಿಟ್ಟು ಹೋಗಲಿಲ್ಲ. ಒಂದು ಕುರಿಯೂ ಇಲ್ಲದ ದೊಡ್ಡಿಯಲ್ಲಿ ಮಳೆಯ ನೀರು ನಿಂತು ಹುಲ್ಲು ಹುಟ್ಟಿತು, ತಿನ್ನುವವರಿಲ್ಲದೆ ಮೊಣಕಾಲು ಎತ್ತರ ಬೆಳೆಯಿತು. ಗೋಡೆಯ ಆಚೆ ಕೆಮ್ಮು ಕೇಳದೆ ನಮಗಿಬ್ಬರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಆಯಿ ಸಾಯುವ ಮೊದಲಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಮಾಳವ್ವ ಬಂದಳು.

ಟಗರನ್ನು ಕರೆದೊಯ್ದ ಹಿಂಡಿನವರ ಸೊಸೆ ಈ ಮಾಳವ್ವ. ಕಂಕುಳಲ್ಲಿ ಒಂದು ಹೆಣ್ಣುಮರಿ ಇತ್ತು, ಒಣ ತೆಂಗಿನಕಾಯಿ ಬಣ್ಣದ್ದು. "ಅತ್ತೀ, ನಿಮ್ಮ ಟಗರಿಂದು. ಮೊದಲನೇ ಹೆಣ್ಣು ನಿಮಗ ಮುಟ್ಟಬೇಕು ಅಂತ ನಮ್ಮ ಮಾವ ಕಳಿಸ್ಯಾನ" ಎಂದು ಆಯಿಯ ಮಡಿಲಲ್ಲಿ ಇಟ್ಟಳು. ಆಯಿ ಮರಿಯ ತುಟಿ ಎತ್ತಿ ಹಲ್ಲು ನೋಡಿದಳು, ಗೊರಸು ಒತ್ತಿದಳು, ಎದೆಗೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ನಾನು ಬುಟ್ಟಿ ಹುಡುಕಲು ಎದ್ದೆ, ಮನೆಗೆ ಮತ್ತೆ ಮರಿ ಬಂತೆಂದು.

"ಬುಟ್ಟಿ ಬ್ಯಾಡ" ಎಂದಳು ಆಯಿ. "ಒಂಟಿ ಕುರಿ ಬದುಕಂಗಿಲ್ಲ ಯವ್ವಾ. ಖಾಲಿ ದೊಡ್ಡ್ಯಾಗ ಒದರಿ ಒದರಿ ಮೇವು ಬಿಡ್ತದ. ಇದನ್ನ ತಿರುಗಿ ಒಯ್ಯಿ ಮಾಳವ್ವ."

"ಮಾವ ಬೈತಾನ ಅತ್ತೀ."

"ಮಗಳನ್ನ ಕೊಟ್ಟೀನಿ ಅಂತ ಹೇಳು. ಮಾತಾಡಂಗಿಲ್ಲ."

ಒಳಗಿಂದ ಅರಿಶಿನ ಕುಂಕುಮ, ಜೋಳ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ತರಿಸಿದಳು. ಮರಿಗೆ ಕುಂಕುಮ ಹಚ್ಚಿ ಉಡಿ ತುಂಬಲು ನಿಂತಳು. ಮಾಳವ್ವ ನಗು ತಡೆಯದೆ, "ಇದಕ್ಕ ಸೆರಗೆಲ್ಲಿ ಅದ ಅತ್ತೀ?" ಎಂದಳು. "ನಿಂದು ಒಡ್ಡು. ನೀನೂ ಒಬ್ಬರ ಮಗಳೇ ಅದಿ." ಮಾಳವ್ವ ನಗುವುದು ಬಿಟ್ಟು ಸೆರಗು ಒಡ್ಡಿದಳು. ಆಯಿ ಜೋಳ ಹಾಕಿದಳು, ಪ್ರತಿ ಹಿಡಿಗೂ ತುಟಿಯಲ್ಲೇ ಏನೋ ಅನ್ನುತ್ತ.

ಹಾದಿಯ ತನಕ ನಾವಿಬ್ಬರೂ ಹೋದೆವು. ದೂರದಲ್ಲಿ ಮಾಳವ್ವನ ಗಂಡ ಹಿಂಡು ನಿಲ್ಲಿಸಿಕೊಂಡು ಕಾಯುತ್ತಿದ್ದ. ಮಾಳವ್ವ ಮರಿಯನ್ನು ನೆಲಕ್ಕೆ ಬಿಟ್ಟಳು. ಅದು ಒಮ್ಮೆ ಕೂಗಿತು. ಹಿಂಡಿನೊಳಗಿಂದ ಅದರ ತಾಯಿ ಓಗೊಟ್ಟಿತು. ಅಷ್ಟೇ ಸಾಕಾಯಿತು, ಮರಿ ಬಾಲ ಎತ್ತಿ, ಕಲ್ಲು ಹಾರಿ, ಒಂದೇ ಉಸಿರಿಗೆ ಓಡಿತು. ನನಗೆ ಅಳು ಬಂತು. "ತಿರುಗಿ ಸುದ್ದಾ ನೋಡ್ಲಿಲ್ಲಲ್ಲ ಆಯಿ" ಎಂದೆ.

"ನೋಡದಿದ್ರ ಚಲೋ ಯವ್ವಾ. ಅದಕ್ಕ ತನ್ನ ಮಂದಿ ಸಿಕ್ಕಾರ" ಎಂದಳು ಆಯಿ. ಕಣ್ಣಿಗೆ ಕೈ ಅಡ್ಡ ಹಿಡಿದು, ಯಾವುದು ನಮ್ಮ ಮರಿ ಎಂದು ಗುರುತು ಹತ್ತದಂತಾಗುವ ತನಕ ನೋಡುತ್ತ ನಿಂತಳು.