ಎರಡು ಬೆರಳು ತಗ್ಗಿದ ಕಾರು

ಸಿಟ್ಟಿನಲ್ಲಿ ನಾನು ಅವ್ವನ ಪಡಿಯಚ್ಚು ಎಂದು ಊರವರು ಹೇಳುತ್ತಿದ್ದರು. ಶುದ್ಧ ಸುಳ್ಳು. ನನ್ನ ಸಿಟ್ಟು ಚಹಾ ಆರುವುದರೊಳಗೆ ಇಳಿಯುತ್ತಿತ್ತು. ಅವ್ವನದು ಎರಡು ತಿಂಗಳಾದರೂ ಇಳಿದಿರಲಿಲ್ಲ. ಎಂಬತ್ತರ ದಶಕದ ನಡುವಿನ ಮಾತಿದು. ಅಣ್ಣಿಗೇರಿಯ ಹತ್ತಿರದ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಆಟದ ಮಾಸ್ತರ. ಹುಬ್ಬಳ್ಳಿಗೆ ಹೋದವನು ಹಳೆಯದೊಂದು ಸ್ಪೋರ್ಟ್ಸ್ ಕಾರು ತೆಗೆದುಕೊಂಡು ಬಂದಿದ್ದೆ. ಎರಡೇ ಬಾಗಿಲು, ಮಡಚುವ ಬಟ್ಟೆಯ ಹೊದಿಕೆ, ಹಿಂದೆ ಹೆಸರಿಗೊಂದು ಸೀಟು. ಅವ್ವನನ್ನು ಒಂದು ಮಾತು ಕೇಳಿರಲಿಲ್ಲ. ಅಪ್ಪ ಹೋದ ಮೇಲೆ ಮಂದಿಯ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು ಅವಳು. ಕಾರು ತಂದದ್ದಕ್ಕಲ್ಲ, ಕೇಳದೆ ತಂದದ್ದಕ್ಕೆ ಅವಳಿಗೆ ನೋವಾಗಿತ್ತು.

ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಹೇಳುವುದನ್ನೆಲ್ಲ ಅಂಗಳದ ಎಮ್ಮೆಗೆ ಹೇಳುತ್ತಿದ್ದಳು. "ರೊಟ್ಟಿ ಆಗ್ಯಾವು, ಉಣ್ಣಂತ ಹೇಳು ನಿನ್ನ ಮಾಲಕಗ." ಎಮ್ಮೆ ಮೆಲುಕು ಹಾಕುತ್ತಿತ್ತು. ನಾನು ಹೋಗಿ ಉಣ್ಣುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದೆ.

ಇಷ್ಟಾದರೂ ನನ್ನ ಹುಚ್ಚು ಬಿಟ್ಟಿರಲಿಲ್ಲ. ಪತ್ರಿಕೆಯೊಂದರಲ್ಲಿ ರೇಸಿನ ಕಾರುಗಳ ಚಿತ್ರ ನೋಡಿದ್ದೆ. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತೆ ಇದ್ದವು. ನನ್ನದು ಕಾಲೆತ್ತಿ ನಿಂತ ಹುಂಜದ ಹಾಗೆ ಕಾಣುತ್ತಿತ್ತು. ತಗ್ಗಿಸಲೇಬೇಕು ಎಂದು ಅಣ್ಣಿಗೇರಿಗೆ ಹೋದೆ. ಅಲ್ಲಿ ಕಾಳಿನ ಲಾರಿಗಳ ಪಾಟಾ ಕಟ್ಟುವ ಮುದುಕ ಮಿಸ್ತ್ರಿ ಇದ್ದ. ಪಾಟಾ ಅಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ನನ್ನ ಕಾರಿಗೆ ಹಿಂದೆ ಪಾಟಾ, ಮುಂದೆ ಸುರುಳಿ ಸ್ಪ್ರಿಂಗು.

"ಕಾಕಾ, ಕಡಿಮಿ ರೊಕ್ಕದಾಗ ನಾಕು ಬೆರಳು ತಗ್ಗಬೇಕು ನೋಡು" ಎಂದೆ.

"ಮೂರು ದಾರಿ ಅದಾವ್ರಿ ಮಾಸ್ತರ. ಮುಂಬೈಯಿಂದ ಗಿಡ್ಡ ಸ್ಪ್ರಿಂಗು, ಬಿಗಿ ಶಾಕ್ ಅಬ್ಸಾರ್ಬರು ತರಸೂದು. ಅದು ನಿಮ್ಮ ಪಗಾರಕ್ಕ ನಿಲುಕಂಗಿಲ್ಲ. ಇಲ್ಲಾ, ಇದ್ದ ಸ್ಪ್ರಿಂಗು ಬೆಂಕ್ಯಾಗ ಕಾಸಿ ಕುಗ್ಗಸೂದು. ಅಗದಿ ಅಗ್ಗ, ಆದ್ರ ಮುರದ್ರ ನಿಮ್ಮ ಸೊಂಟಾನೂ ಮುರೀತೈತಿ, ನಾ ಮಾಡಂಗಿಲ್ಲ. ಹಿಂದಿನ ಪಾಟಾದಾಗ ಒಂದು ಪಟ್ಟಿ ತಗದು, ಮುಂದ ಗುಜರಿಯಾಗಿನ ಗಿಡ್ಡ ಸ್ಪ್ರಿಂಗು ಹಾಕೂದು, ಇದು ಮೂರನೇದು."

"ಹಂಗಾರ ಪಟ್ಟಿ ತಗದಬಿಡು."

"ತಡೀರಿ. ಮದ್ಲ ಒಂದು ವಾರ ಕಾಳಿನ ಚೀಲ ಹೇರಿಕೊಂಡು ಓಡಸ್ರಿ. ಅಷ್ಟು ತಗ್ಗಿದ್ರ ನಿಮ್ಮೂರ ದಾರಿಗೆ ನಡೀತೈತೋ ಇಲ್ಲೋ ತಿಳೀತೈತಿ. ಚೀಲ ಆದ್ರ ಇಳಸಬಹುದು."

ಮನೆಗೆ ಬಂದು ಪಡಸಾಲೆಯ ಮೂಲೆಯಲ್ಲಿದ್ದ ಕಡಲೆ ಚೀಲಕ್ಕೆ ಕೈ ಹಾಕಿದೆ. ಅದು ಬಿತ್ತನೆಯ ಕಾಳು ಎಂಬುದು ನನಗೆ ತೋಚಲೇ ಇಲ್ಲ. ಅವ್ವ ಅಂಗಳಕ್ಕೆ ಹೋಗಿ ಎಮ್ಮೆಯ ಮುಂದೆ ನಿಂತಳು. "ಬೀಜದ ಕಾಳು ಮುಟ್ಟಿದ್ರ ಕೈ ಮುರೀತೀನಿ ಅಂತ ಹೇಳು ಅವಗ."

ನನಗೂ ಸಿಟ್ಟು ಬಂತು. ನಾನೂ ಎಮ್ಮೆಗೇ ಹೇಳಿದೆ: "ಹಂಗಾದ್ರ ಚೀಲದ ಬದಲಿ ಆಕೀನಽ ಬಂದು ಕುಂಡ್ರಲಿ ಅಂತ ಹೇಳು."

ಅವ್ವ ಸೆರಗು ಸಿಕ್ಕಿಸಿಕೊಂಡು ನೇರ ಹೋಗಿ ಕಾರಿನಲ್ಲಿ ಕೂತಳು! ಎರಡು ತಿಂಗಳು ಅದರ ಕಡೆ ತಿರುಗಿಯೂ ನೋಡಿರದವಳು, ಬೀಜ ಉಳಿಸಲು ಕೂತಳು. ಅವಳೊಬ್ಬಳ ತೂಕ ಚೀಲಕ್ಕೆ ಸಾಲದೆಂದು ಬೀಸುವ ಕಲ್ಲನ್ನು ಹೊತ್ತು ತಂದು ಹಿಂದಿನ ಸೀಟಿನಲ್ಲಿ ಇಟ್ಟೆ.

ನಮ್ಮ ಕಪ್ಪು ಎರಿ ಮಣ್ಣಿನ ದಾರಿಯಲ್ಲಿ ಚಕ್ಕಡಿ ಗಾಲಿಗಳು ಕೊರೆದ ಎರಡು ಜಾಡು, ನಡುವೆ ಒಣಗಿ ಕಲ್ಲಾದ ದಿಬ್ಬ. ಕಾರಿನ ಹೊಟ್ಟೆ ಅದಕ್ಕೆ ಕರ್ರೆಂದು ಉಜ್ಜಿತು. ನಾನು ಬ್ರೇಕು ಒತ್ತಿದೆ.

"ಎಡಕ್ಕ ಹಿಡಿಯೋ" ಎಂದಳು ಅವ್ವ. "ಮುಂದ ಹಳ್ಳದ ಬಾಜು ತೆಗ್ಗು ಐತಿ, ಸಾವಕಾಶ."

ಎಮ್ಮೆ ಕಾರಿನಲ್ಲಿ ಇರಲಿಲ್ಲವಲ್ಲ, ನನಗೇ ಹೇಳಬೇಕಾಯಿತು. ಕೂಲಿಗೆ ನಡೆದು ನಡೆದು ಆ ದಾರಿಯ ಒಂದೊಂದು ತೆಗ್ಗೂ ಅವಳಿಗೆ ಗೊತ್ತಿತ್ತು. ನನ್ನ ಕಣ್ಣು ತುಂಬಿ ದಾರಿಯೇ ಕಾಣದಾಯಿತು. ಆ ವಾರವೆಲ್ಲ ದಿನಾ ಸಂಜೆ ಹೊರಟೆವು. ಕಾರಿನಲ್ಲಿ ಇರುವಷ್ಟು ಹೊತ್ತು ಮಾತು, ಮನೆಗೆ ಬಂದರೆ ಮತ್ತೆ ಎಮ್ಮೆ.

ಎಂಟನೆಯ ದಿನ ಅವ್ವನೊಂದಿಗೇ ಮಿಸ್ತ್ರಿಯ ಹತ್ತಿರ ಹೋದೆ. ಅವನು ಕಾರಿನ ಕೆಳಗೆ ತೂರಿ, ಉಜ್ಜಿದ ಗುರುತು ನೋಡಿ ಬಂದು, ಗಾಲಿಯ ಮೇಲಿನ ಸಂದಿಗೆ ಬೆರಳಿಟ್ಟು ಅಳೆದ. ಬೀಸುವ ಕಲ್ಲನ್ನು ಇಳಿಸಿ, ಅವ್ವನನ್ನು ಕೂತಲ್ಲೇ ಕೂರಿಸಿ, ಮತ್ತೊಮ್ಮೆ ಅಳೆದ. "ಕಲ್ಲು ಇದ್ದಾಗ ನಾಕು ಬೆರಳು ತಗ್ಗತೈತಿ, ಗಾಡಿ ಹೊಟ್ಟಿ ಹರೀತೈತಿ. ಯವ್ವ ಒಬ್ಬಾಕಿ ಕುಂತ್ರ ಎರಡು ಬೆರಳು ತಗ್ಗತೈತಿ, ಇದು ನಡೀತೈತಿ. ಪಟ್ಟಿ ತಗೀಲೋ ಬ್ಯಾಡೋ, ಹೇಳ್ರಿ." ನಟ್ಟು ಬಿಚ್ಚುವ ಪಾನಾ ಹಿಡಿದು ನನ್ನ ಮುಖ ನೋಡಿದ.

ನಾನು ಅವ್ವನ ಕಡೆ ತಿರುಗಿದೆ. "ಅವ್ವಾ, ಕಾರು ತರೂ ಮುಂದ ನಿನ್ನ ಕೇಳಲಿಲ್ಲ, ತಪ್ಪಾತು. ಈಗ ಕೇಳಾಕತ್ತೀನಿ. ಏನು ಮಾಡೂಣು?"

ಅವಳು ಕೂತಲ್ಲಿಂದಲೇ ಬಗ್ಗಿ ಗಾಲಿಯ ಕಡೆ ನೋಡಿದಳು. "ನಾ ಕುಂತ್ರ ಹೆಂಗೂ ತಗ್ಗತೈತಲ್ಲೋ. ಚಲೋ ಪಟ್ಟಿ ಯಾಕ ಕೀಳಸ್ತಿ? ನಾನಽ ಕುಂಡರ್ತೀನಿ ಬಿಡು."

ಮಿಸ್ತ್ರಿ ಪಾನಾ ಕೆಳಗಿಟ್ಟ. ಸತ್ತುಹೋಗಿದ್ದ ಹಿಂದಿನ ಶಾಕ್ ಅಬ್ಸಾರ್ಬರುಗಳನ್ನಷ್ಟೇ ಬದಲಿಸಿ ಕಳಿಸಿದ. ಆ ಕಾಕಾನ ಉಪಕಾರ ನಾನು ಸಾಯುವವರೆಗೆ ಮರೆಯುವುದಿಲ್ಲ. ಮೊದಲ ದಿನವೇ ಪಟ್ಟಿ ಕಿತ್ತು ಕೊಟ್ಟಿದ್ದರೆ ಅವ್ವ ನನ್ನ ಪಕ್ಕದಲ್ಲಿ ಎಂದೂ ಕೂರುತ್ತಿರಲಿಲ್ಲ.

ಮನೆಗೆ ಬಂದು ಬೀಸುವ ಕಲ್ಲನ್ನು ಅದರ ಜಾಗದಲ್ಲಿಟ್ಟು ಕಟ್ಟೆಯ ಮೇಲೆ ಕೂತೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ರೊಟ್ಟಿ ಆಗ್ಯಾವು, ಉಣ್ಣಾಕ ಬಾರೋ" ಎಂದು ಅವ್ವ ಕರೆದಳು. ತನ್ನನ್ನೇ ಕರೆದಳೆಂದು ಎಮ್ಮೆ ತಲೆ ಎತ್ತಿ ನೋಡಿತು. ನಾನು ಎದ್ದು ಒಳಗೆ ಹೋದೆ.