ಅಮ್ಮಿಯ ಗಡ್ಡೆ ಹೊತ್ತ ಇಲಿ

ಮಾನ್ಯ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಹಾವೇರಿಯ ಕಚೇರಿಯೊಂದರಲ್ಲಿ ಪತ್ರಗಳನ್ನು ಸಿದ್ಧಪಡಿಸುವ ನೌಕರನಾಗಿದ್ದು, ಅದರ ಹೊರತು ಈವರೆಗೆ ಬೇರೇನನ್ನೂ ಬರೆದವನಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕು. ಮನೆಯವರು ಉರ್ದುವಿನಲ್ಲಿ ಆಡಿದ ಮಾತುಗಳನ್ನೂ ಇಲ್ಲಿ ಕನ್ನಡದಲ್ಲೇ ನಮೂದಿಸಿರುತ್ತೇನೆ. ಪ್ರಸ್ತುತ ವಿಷಯವು ನನ್ನ ತಾಯಿ ಅಮ್ಮಿಗೆ ಹಾಗೂ ಒಂದು ಇಲಿಗೆ ಸಂಬಂಧಿಸಿದ್ದಾಗಿರುತ್ತದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಅಮ್ಮಿ, ಆ ವರ್ಷದ ರಂಜಾನಿನಲ್ಲಿ ಮೇಲಿಂದ ಮೇಲೆ ಕುಸಿದು ಬೀಳತೊಡಗಿದರು. ಉಪವಾಸದ ನಿಶ್ಶಕ್ತಿಯೆಂದು ನಾವು ಭಾವಿಸಿದೆವು. ಹಬ್ಬ ಕಳೆದರೂ ಅದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನಾನು ಚಹಾ ಒಯ್ದಾಗ ಅವರು ಬೆವರಿನಲ್ಲಿ ತೊಯ್ದು ಕುಳಿತಿದ್ದು, ನನ್ನನ್ನು ದಿಟ್ಟಿಸಿ, "ಯಾರ್ರಿ ನೀವು? ಬರ್ರಿ, ಕುಂದ್ರಿ," ಎಂದರು. ಮನೆಯಲ್ಲಿ ನಮ್ಮೊಡನೆ ಉರ್ದುವನ್ನೇ ಆಡುವ ಅಮ್ಮಿ, ಹೊರಗಿನವರೊಡನೆ ಆಡುವ ಕನ್ನಡದಲ್ಲಿ, ಹೊರಗಿನವರಿಗೆ ಕೊಡುವ ಮರ್ಯಾದೆಯೊಂದಿಗೆ ನನ್ನನ್ನು ಬರಮಾಡಿಕೊಂಡಿದ್ದರು. ಅದೇ ಚಹಾಕ್ಕೆ ಇನ್ನಷ್ಟು ಸಕ್ಕರೆ ಸುರಿದು ಕುಡಿಸಿದ ಸ್ವಲ್ಪ ಹೊತ್ತಿಗೆ ಅವರಿಗೆ ನನ್ನ ಗುರುತು ಸಿಕ್ಕಿತು.

ರಾಣೆಬೆನ್ನೂರಿಗೆ ಕೊಟ್ಟಿರುವ ನನ್ನ ಅಕ್ಕ, ನಾವು ಆಪಾ ಎಂದು ಕರೆಯುವವರು, ಅಮ್ಮಿಯನ್ನು ಅಲ್ಲಿನ ವೈದ್ಯರೊಬ್ಬರಿಗೆ ತೋರಿಸಿದರು. ಅವರ ಸಲಹೆಯ ಮೇರೆಗೆ ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಲಾಯಿತು. ಅಲ್ಲಿ ರೋಗಿಯನ್ನು ಉಪವಾಸವಿರಿಸಿ ರಕ್ತದ ಸಕ್ಕರೆ ಎಲ್ಲಿಯವರೆಗೆ ಇಳಿಯುವುದೆಂದು ನೋಡುವ ಪರೀಕ್ಷೆಯಿತ್ತು. ನೀರಿಗೆ ಅಡ್ಡಿಯಿರಲಿಲ್ಲ. ಆದರೆ ಅಮ್ಮಿ ನೀರನ್ನೂ ಮುಟ್ಟಲಿಲ್ಲ.

"ನೀರ್ ನಡೀತೈತ್ರಿ ಅಮ್ಮಾ," ಎಂದರು ನರ್ಸ್.

"ನಿಮಗ ನಡೀತೈತಿ, ನನಗ ನಡ್ಯಾಂಗಿಲ್ಲ. ನಾ ನೀಯತ್ ಮಾಡೇನಿ."

ನೀಯತ್ ಎಂದರೆ ರೋಜಾ, ಅಂದರೆ ರಂಜಾನಿನ ಉಪವಾಸ, ಹಿಡಿಯುವವರು ಮನಸ್ಸಿನಲ್ಲಿ ಮಾಡಿಕೊಳ್ಳುವ ಸಂಕಲ್ಪ. ಸೂರ್ಯ ಮುಳುಗುವ ಮೊದಲೇ ಸಕ್ಕರೆ ತೀರಾ ಇಳಿದು ಪರೀಕ್ಷೆ ಮುಗಿಯಿತು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೇ ಸೇರಿ ಅವರೆಕಾಳಿನಷ್ಟು ಗಡ್ಡೆಯಾಗಿ, ಬೇಕಿರಲಿ ಬೇಡವಿರಲಿ ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಇಳಿಸುತ್ತಿವೆಯೆಂದು ತಿಳಿದುಬಂದಿತು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅಲ್ಲಿನ ಮಹಿಳಾ ವೈದ್ಯರು, ಎಲ್ಲರೂ ಡಾಕ್ಟರ್ ಬಾಯಿ ಎನ್ನುವವರು, ಹಾಸಿಗೆಯ ಬಳಿ ಕುಳಿತು ಒಂದು ಅನುಮತಿ ಕೋರಿದರು. ರೋಗನಿರೋಧಕ ಶಕ್ತಿಯೇ ಇರದಂತೆ ವಂಶವಾಹಿ ತಿದ್ದಿ ಬೆಳೆಸಿದ ಇಲಿಗಳಿದ್ದು, ಅವುಗಳ ಮೈ ಪರರ ಮಾಂಸವನ್ನು ತಿರಸ್ಕರಿಸುವುದಿಲ್ಲವೆಂತಲೂ, ಗಡ್ಡೆಯ ಚೂರನ್ನು ಅವುಗಳಲ್ಲಿಟ್ಟು ಬೆಳೆಸಿ ಔಷಧಿ ಹುಡುಕಲಾಗುವುದೆಂತಲೂ, ಒಪ್ಪದಿದ್ದರೂ ಚಿಕಿತ್ಸೆಗೆ ಯಾವ ಬಾಧಕವೂ ಇಲ್ಲವೆಂತಲೂ ತಿಳಿಸಿದರು. ಮೆಣಸಿನಕಾಯಿ ಚೀಲ ಕಡಿಯುತ್ತವೆಂದು ನಾವು ಬಡಿದು ಓಡಿಸುವ ಇಲಿ. ಅದರ ಮೈಯಲ್ಲಿ ಅಮ್ಮಿಯ ಮೈ.

"ಖರೇ ಹೇಳ್ರಿ," ಎಂದರು ಅಮ್ಮಿ. "ಅದೂ ನನ್ನಂಗ ಬೀಳತೈತೇನು?"

"ಗಡ್ಡಿ ಹಿಡದ್ರ ಬೀಳಬಹುದ್ರಿ. ಒಂದೊಂದ್ಸಲ ಉಪಾಸ ಇಟ್ಟ ನೋಡ್ತೇವಿ. ಕಡೀಕ ಕೊಲ್ಲೂದೂ ಬರತೈತಿ. ನಿಮಗ ಸುಳ್ಳ ಹೇಳಾಂಗಿಲ್ಲ."

"ತಗೋ ಅಮ್ಮಿ," ಎಂದರು ಆಪಾ, ಅಳು ಬಂದಾಗ ತಮಾಷೆ ಮಾಡುವುದು ಅವರ ಸ್ವಭಾವ, "ನಿನ್ನ ಜೋಡಿ ರೋಜಾ ಹಿಡ್ಯಾಕ ಒಂದ್ ಇಲಿ ಸಿಕ್ತು."

"ರೋಜಾ ಅನಬ್ಯಾಡ ಅದಕ್ಕ. ನಾ ನೀಯತ್ ಮಾಡಿದ್ದೆ. ಅದನ್ನ ಯಾರ್ ಕೇಳ್ಯಾರ?"

ಬೇಡವೆನ್ನುವಂತೆ ನಾನು ಅಮ್ಮಿಯಲ್ಲಿ ಒತ್ತಾಯಪೂರ್ವಕವಾಗಿ ವಿನಂತಿಸಿದೆ. ಮರುದಿನ ಬೆಳಿಗ್ಗೆ ಸ್ಟ್ರೆಚರ್ ಮೇಲೆ ಮಲಗಿದವರು ಡಾಕ್ಟರನ್ನು ಕರೆದರು.

"ಕೊಯ್ಯಾಕ ಬರದಂಥಾ ಗಡ್ಡಿ ಇದ್ದವರೂ ಅದಾರೇನ್ರಿ?"

"ಅದಾರ್ರಿ."

"ಅವರೂ ಮಕ್ಕಳ ಗುರ್ತ ಮರೀತಾರೇನು?"

ಡಾಕ್ಟರ್ ಹೌದೆಂದು ತಲೆಯಾಡಿಸಿದರು.

"ಹಂಗಾರ ತಗೋರಿ. ಆದ್ರ ಇಲಿದು ಏನಾತು ಅಂತ ಹೇಳಬೇಕ್ ನೀವು. ಮುಚ್ಚಿಡಬ್ಯಾಡ್ರಿ."

ಅಮ್ಮಿ ಗುಣಮುಖರಾಗಿ ಕೆಲಸಕ್ಕೆ ಮರಳಿದರು. ಹಲವು ತಿಂಗಳ ತರುವಾಯ ಡಾಕ್ಟರ್ ಬಾಯಿಯವರ ಫೋನ್ ಕಚೇರಿಯಲ್ಲಿದ್ದ ನನಗೆ ಬಂದಿತು. ಒಂದು ಇಲಿಯಲ್ಲಿ ಗಡ್ಡೆ ಹಿಡಿದಿದೆ, ಅದರ ರಕ್ತದಲ್ಲಿ ಮನುಷ್ಯರ ಇನ್ಸುಲಿನ್ ಕಂಡುಬಂದಿದೆ, ಸಕ್ಕರೆ ಇಳಿಯುತ್ತಿದೆ ಎಂದರು. ಮೇಲಧಿಕಾರಿ ಬಂದಾಗ ಏಳುವಂತೆ ನಾನು ಎದ್ದು ನಿಂತಿದ್ದೆ. ಮನುಷ್ಯರ ಇನ್ಸುಲಿನ್ ಎಂದರೆ ಅಮ್ಮಿಯದು. ಅಮ್ಮಿಯಿಂದ ಕಿತ್ತು ತೆಗೆದದ್ದು ಎಲ್ಲಿಯೋ ಜೀವಂತವಾಗಿದ್ದು, ತನ್ನ ಕೆಲಸವನ್ನು ಮುಂದುವರಿಸಿತ್ತು.

ಅರ್ಧ ದಿನದ ರಜೆ ಹಾಕಿ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಘಾಟಿನಲ್ಲಿ ಕೆಮ್ಮುತ್ತ ನಿಂತ ನನ್ನನ್ನು ಕಂಡು, ಅಮ್ಮಿಯೊಡನೆ ಕುಳಿತಿದ್ದ ಹೆಂಗಸೊಬ್ಬರು, "ಏನ್ ಚಾಚಿ, ಸಾಹೇಬ್ರು ತೊಟ್ಟ ಬಿಡಸಾಕ ಬಂದಾರೇನು?" ಎಂದು ನಗಾಡಿದರು. ನಾನು ವಿಷಯ ತಿಳಿಸಿದೆ. ಅಮ್ಮಿಯ ಬೆರಳುಗಳು ನಿಂತವು.

"ತಿನ್ನಾಕ ಏನರ ಕೊಟ್ರಂತೇನು ಅದಕ್ಕ?"

"ಕೇಳಲಿಲ್ಲ ಅಮ್ಮಿ."

"ಫೋನ್ ಹಚ್ಚು. ನಾನ ಕೇಳ್ತೇನಿ."

ಖಾರದ ಕೈ ಕೆನ್ನೆಗೆ ತಾಗದಂತೆ ನಾನೇ ಫೋನನ್ನು ಅವರ ಕಿವಿಗೆ ಹಿಡಿದೆ. ಅಮ್ಮಿ ಬಹಳ ಹೊತ್ತು ಕೇಳಿ, "ಹೂಂ. ಆತ್ರಿ," ಎಂದಷ್ಟೇ ಹೇಳಿದರು.

"ಕೊಟ್ಟಾರಂತ," ಎಂದರು ನನಗೆ. ಆಮೇಲೆ, "ಈ ಸಲ."