ಮೂರು ಊರು, ಒಂದು ನಕ್ಷೆ

ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಹತ್ತಿದ ಬಸ್ಸು ಶಿರಸಿಯಲ್ಲಿ ಊಟಕ್ಕೆ ನಿಂತು, ದೇವಿಮನೆ ಘಟ್ಟ ಇಳಿದು, ಸಂಜೆ ನನ್ನನ್ನು ಕುಮಟೆಯಲ್ಲಿ ಬಿಟ್ಟಿತು. ಏಪ್ರಿಲ್ ತಿಂಗಳ ಕೊನೆ. ಧಾರವಾಡದ ಒಣ ಬಿಸಿಲಿಗೆ ಒಗ್ಗಿದ ನನಗೆ ಕರಾವಳಿಯ ಸೆಕೆ ಬಸ್ಸಿನಿಂದ ಇಳಿಯುವ ಮೊದಲೇ ಅಂಗಿಯನ್ನು ಬೆನ್ನಿಗೆ ಅಂಟಿಸಿತ್ತು. ನಯೇ ಪೈಸೆ ಬಂದು ಕೆಲವು ವರ್ಷವಾಗಿದ್ದರೂ ಕಂಡಕ್ಟರ್ ಟಿಕೆಟು ಹರಿದದ್ದಷ್ಟೇ ಪೈಸೆಯಲ್ಲಿ, ಚಿಲ್ಲರೆಗೆ ಜಗಳ ಕಾದದ್ದು ಆಣೆಯಲ್ಲಿ. ನನ್ನ ಕೈಯಲ್ಲಿ ಒಂದು ಚರ್ಮದ ಚೀಲ, ಕಂಕುಳಲ್ಲಿ ನಕ್ಷೆ ಇಡುವ ತಗಡಿನ ಕೊಳವೆ. ಆ ಕೊಳವೆಯನ್ನು ನೋಡಿ ಪಕ್ಕದ ಸೀಟಿನವರು ಘಟ್ಟದುದ್ದಕ್ಕೂ ನನ್ನನ್ನು ಮೋಜಣಿ ಇಲಾಖೆಯವನೆಂದೇ ತಿಳಿದು, ತಮ್ಮ ಗಡಿಕಲ್ಲಿನ ತಕರಾರು ಪೂರ್ತಿ ಹೇಳಿ ಮುಗಿಸಿದ್ದರು.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಎ. ತರಗತಿಗಳಿಗೆ ಅರ್ಥಶಾಸ್ತ್ರ ಹೇಳುತ್ತಿದ್ದೆ. ಅದರ ಜೊತೆಗೆ ಶನಿವಾರ ಮಧ್ಯಾಹ್ನ ‘ನಕ್ಷೆ ಅಭ್ಯಾಸ’ ಎಂಬ ಒಂದು ಪಾಠವನ್ನು ನಾನೇ ಹಟ ಹಿಡಿದು ಶುರು ಮಾಡಿದ್ದೆ. ಯಾರ ಮನೆಯ ಪಕ್ಕ ಯಾರ ಮನೆ, ನೀರಿಗೆ ಎಲ್ಲಿಗೆ ಹೋಗುತ್ತಾರೆ, ಯಾರ ಅಂಗಳ ತಪ್ಪಿಸಿ ಸುತ್ತು ಹಾಕುತ್ತಾರೆ, ಇದನ್ನೆಲ್ಲ ಕಾಗದದ ಮೇಲೆ ಇಡಲು ಕಲಿಯದೆ ಸಮಾಜದ ಪಾಠ ಹೇಳುವುದು ಎಲೆ ಹಾಕದೆ ಊಟ ಬಡಿಸಿದ ಹಾಗೆ ಎಂಬುದು ನನ್ನ ವಾದ. ಭೂಗೋಳದ ಗೆಳೆಯರು, ‘ನಮ್ಮ ಹೊಲದಲ್ಲಿ ನಿಮ್ಮ ಕೂರಿಗೆ ಯಾಕೋ?’ ಎಂದು ಕಾಡುತ್ತಿದ್ದರು. ಕಾಡಲಿ, ಅಡ್ಡಿಯಿರಲಿಲ್ಲ. ಆದರೆ ಆ ವರ್ಷ ಪ್ರಿನ್ಸಿಪಾಲರು ನನ್ನನ್ನು ಕರೆದು, ರಜೆಯ ಕೊನೆಯಲ್ಲಿ ಆಡಳಿತ ಮಂಡಳಿಯ ಸಭೆ ಇದೆ, ಹುಡುಗರು ಸ್ವಂತ ಮಾಡಿದ ಒಳ್ಳೆಯ ನಕ್ಷೆ ತೋರಿಸಿದರೆ ಪಾಠ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲಿಸೋಣ ಎಂದರು.

ಪಾಠಕ್ಕೆ ಇದ್ದವರು ಮೂವರು ಹುಡುಗರು; ಕುಮಟೆಯವನೊಬ್ಬ, ಹೊನ್ನಾವರದವನೊಬ್ಬ, ಭಟ್ಕಳದವನೊಬ್ಬ. ರಜೆಯಲ್ಲಿ ನಿಮ್ಮ ನಿಮ್ಮ ಓಣಿಯನ್ನು ನಡೆದು ನೋಡಿ ಬರೆಯಿರಿ, ಪುಸ್ತಕ ಮುಟ್ಟಬೇಡಿ, ಹೊಸಬನೊಬ್ಬ ಅದನ್ನು ನೋಡಿದರೆ ಅಲ್ಲಿ ಯಾರು ಯಾರ ಬಳಿಗೆ ಹೋಗುತ್ತಾರೆ ಎಂಬುದು ತಿಳಿಯಬೇಕು ಎಂದು ಹೇಳಿ ಕಳಿಸಿದ್ದೆ. ಟಪಾಲಿನಲ್ಲಿ ಕಳಿಸಿ ಎಂದಿದ್ದರೂ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ರಜೆಯಲ್ಲಿ ಮನೆಯಲ್ಲಿರುವುದು ನನ್ನಿಂದ ಆಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅದು ಎರಡನೆಯ ಬೇಸಿಗೆ. ಮಕ್ಕಳಿರಲಿಲ್ಲ. ಶನಿವಾರ ಆ ಮೂವರು ನನ್ನ ಮೇಜಿನ ಸುತ್ತ ನಿಂತು ಒಂದೇ ಹಾಳೆಯ ಮೇಲೆ ಬಗ್ಗುತ್ತಿದ್ದ ಹೊತ್ತು ಬಿಟ್ಟರೆ ವಾರದಲ್ಲಿ ನಾನು ಕಾಯುವಂಥದ್ದು ಬೇರೇನೂ ಇರಲಿಲ್ಲ.

ಕುಮಟೆಯ ಹುಡುಗ ಶಾಂತಾರಾಮನ ತಂದೆಗೆ ಪೇಟೆಯಲ್ಲಿ ಕಿರಾಣಿ ಅಂಗಡಿ. ಮರುದಿನ ಬೆಳಿಗ್ಗೆ ಹೋದಾಗ ತಂದೆಯೇ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು, ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಗೋಡೆಯ ಕಡೆ ಕೈ ತೋರಿಸಿದರು. ದೇವರ ಪಟದ ಪಕ್ಕದಲ್ಲಿ ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿ ತೂಗಿಸಿದ್ದ ನಕ್ಷೆ. ಸಮುದ್ರಕ್ಕೆ ನೀಲಿ, ಘಟ್ಟಕ್ಕೆ ಕಂದು, ಉತ್ತರ ದಿಕ್ಕಿನ ಬಾಣಕ್ಕೆ ಬಳ್ಳಿಯ ಅಲಂಕಾರ. ಇಡೀ ಜಿಲ್ಲೆಯನ್ನು ಶಾಲೆಯ ಅಟ್ಲಾಸಿನಿಂದ ಒಂದು ಕೂದಲೂ ತಪ್ಪದಂತೆ ಇಳಿಸಿದ್ದ.

‘ಗಿರಾಕಿಗಳೆಲ್ಲ ಕೇಳ್ತ್ರು ಮಾಸ್ತರ್ರೆ, ಇದು ಎಲ್ಲಿ ತಂದದ್ದು ಅಂತ. ನಮ್ಮ ಮಾಣಿ ಬರದದ್ದು ಅಂದ್ರೆ ನಂಬೂದಿಲ್ಲ’ ಎಂದರು ತಂದೆ.

ನಿಮ್ಮ ಓಣಿ ಎಲ್ಲಿ ಎಂದು ನಾನು ಮೆಲ್ಲಗೆ ಶಾಂತಾರಾಮನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, ‘ನಮ್ಮ ಓಣಿಯಲ್ಲಿ ನೋಡುವಂಥದ್ದು ಎಂತದೂ ಇಲ್ಲ ಸರ್’ ಎಂದ. ತಂದೆಯ ಮುಖದಲ್ಲಿದ್ದ ಹೆಮ್ಮೆಯ ಮುಂದೆ ಮಾಸ್ತರಿಕೆ ಮಾಡುವ ಧೈರ್ಯ ನನಗೆ ಬರಲಿಲ್ಲ. ಬಹಳ ಚೆನ್ನಾಗಿದೆ, ಗಾಜಿನಿಂದ ತೆಗೆಯುವುದು ಬೇಡ ಎಂದು ಹೇಳಿ ಎದ್ದೆ. ಮಧ್ಯಾಹ್ನ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಮುರುಗಲ ಹುಳಿಯ ಸಾರು. ಸಾರು ಸೊಗಸಾಗಿತ್ತು, ಇದು ಸೊಗಸಾಗಿದೆ ಎಂದು ಹೇಳಲು ಎದುರಿನ ಮಣೆಯಲ್ಲಿ ಯಾರೂ ಇರಲಿಲ್ಲ.

ಕುಮಟೆಯಿಂದ ಹೊನ್ನಾವರಕ್ಕೆ ಹನ್ನೆರಡು ಮೈಲಿಯ ಮೇಲೆ ಸ್ವಲ್ಪ. ಹೊನ್ನಾವರದ ಹುಡುಗ ಗಣಪತಿಯ ಮನೆ ಹೊಳೆಯ ಆಚೆ, ಇಡಗುಂಜಿಯ ಹತ್ತಿರ. ಅಲ್ಲಿಯವರೆಗೆ ಹೋಗುವ ಕೆಲಸವೇ ಬೀಳಲಿಲ್ಲ. ಶರಾವತಿ ದಾಟಲು ಲಾಂಚಿಗೆ ಕಾಯುತ್ತ ಧಕ್ಕೆಯಲ್ಲಿ ನಿಂತಿದ್ದಾಗ, ಈಚೆ ಬಂದ ಲಾಂಚಿನಿಂದ ಅವನೇ ಇಳಿದ, ತಲೆಯ ಮೇಲೆ ಟ್ರಂಕು, ಹಿಂದೆ ಬಸ್ಸು ಹತ್ತಿಸಲು ಬಂದ ಅವನ ತಾಯಿ. ನನ್ನನ್ನು ನೋಡಿ ಟ್ರಂಕು ಕೆಳಗಿಡಲೂ ಮರೆತು ನಿಂತ.

ಘಟ್ಟದ ಮೇಲೆ ಅಣೆಕಟ್ಟಿನ ಕೆಲಸದಲ್ಲಿ ಅವನಿಗೆ ಗುಮಾಸ್ತಿಕೆ ಸಿಕ್ಕಿತ್ತು. ಹಿನ್ನೀರಿನಲ್ಲಿ ಮುಳುಗುವ ಊರುಗಳ ಮನೆಗಳನ್ನು ಬರೆದುಕೊಳ್ಳುವ ಕೆಲಸ. ಬಿ.ಎ. ಅಷ್ಟಕ್ಕೇ ಬಿಡುತ್ತೇನೆ ಎಂದ. ‘ನಕ್ಷೆ ಮಾಡಲೆ ಹೊತ್ತೇ ಸಿಕ್ಕಿದ್ದಿಲ್ಲೆ ಸರ್’ ಎಂದು ನೆಲ ನೋಡಿದ.

ತಾಯಿ ಮಾತ್ರ ಸಂತೋಷದಲ್ಲಿದ್ದರು. ‘ನಿಂಗಳ ಪಾಠದಿಂದಲೇ ಕೆಲಸ ಸಿಕ್ಕಿದ್ದು ಹೇಳ್ತಾ ಇದ್ದ. ಮನೆಗೆ ಬನ್ನಿ, ಊಟ ಮಾಡ್ಕಂಡು ಹೋಪಲಕ್ಕು’ ಎಂದರು. ಬಸ್ಸಿನ ಹೊತ್ತಾಗಿದೆ ಎಂದು ತಪ್ಪಿಸಿಕೊಂಡೆ. ಅವನ ಕೆಲಸದ ಬಗ್ಗೆ ಸಂತೋಷ ಪಡಬೇಕಿತ್ತು, ಪಟ್ಟೆ ಕೂಡ. ಆದರೆ ಲಾಂಚು ನಡುನೀರಿಗೆ ಬಂದಾಗ ನಾನು ಲೆಕ್ಕ ಹಾಕತೊಡಗಿದೆ. ನದಿ ಅಲ್ಲಿ ಸಮುದ್ರದಷ್ಟೇ ಅಗಲ. ಸುತ್ತಲಿನ ಜನ ಕೊಂಕಣಿಯಲ್ಲಿ ಮೀನಿನ ದರ ಮಾತಾಡುತ್ತಿದ್ದರು. ಮೂವರಲ್ಲಿ ಇಬ್ಬರು ಕೈ ಬಿಟ್ಟಂತಾಯಿತು, ಇನ್ನು ಉಳಿದವನು ಒಬ್ಬ ಎಂದು ನಾನು ತಗಡಿನ ಕೊಳವೆಯನ್ನು ಎದೆಗೆ ಒತ್ತಿ ಕುಳಿತಿದ್ದೆ.

ಆಚೆ ದಡದಿಂದ ಇನ್ನೊಂದು ಬಸ್ಸು. ಶಿರಾಲಿಯಲ್ಲಿ ಟೈರು ತೂತಾಗಿ ಬಹಳ ಹೊತ್ತು ನಿಂತೆವು. ರಸ್ತೆಯ ಪಕ್ಕದ ಅಂಗಡಿಯಲ್ಲಿ ಎಳನೀರು ಕುಡಿದೆ. ಅಂಗಡಿಯವಳು ‘ಎಲ್ಲಿಗೆ ಹೋಪ್ದು?’ ಎಂದು ಕೇಳಿದಾಗ, ಲಾಂಚು ಇಳಿದ ಮೇಲೆ ನನ್ನನ್ನು ತಾನಾಗಿ ಮಾತಾಡಿಸಿದವಳು ಇವಳೊಬ್ಬಳೇ ಅನ್ನಿಸಿ, ಅಗತ್ಯಕ್ಕಿಂತ ಹೆಚ್ಚೇ ಉತ್ತರ ಕೊಟ್ಟೆ. ಭಟ್ಕಳ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದೆ.

ಭಟ್ಕಳದ ಹುಡುಗ ಇಸ್ಮಾಯಿಲ್ ನವಾಯತರವನು, ಅಲ್ಲಿಯ ಹಳೆಯ ಮುಸಲ್ಮಾನ ವ್ಯಾಪಾರಿ ಮನೆತನದವನು. ತಂದೆ ಮದರಾಸಿನಲ್ಲಿ ಬಟ್ಟೆ ವ್ಯಾಪಾರದಲ್ಲಿದ್ದರು, ವರ್ಷಕ್ಕೊಮ್ಮೆ ಬರುವವರು. ಮನೆಯ ಯಜಮಾನಿಕೆ ಅಜ್ಜಿಯದು. ಹಳೆಯ ಕೇರಿಯ ಇಕ್ಕಟ್ಟಾದ ಓಣಿ, ಎರಡೂ ಕಡೆ ಗೋಡೆಗೆ ಗೋಡೆ ತಾಗಿದ ಮನೆಗಳು. ಮರುದಿನ ಬೆಳಿಗ್ಗೆ ಹೋದಾಗ ಇಸ್ಮಾಯಿಲ್ ನನ್ನನ್ನು ಜಗಲಿಯ ಕೋಣೆಯಲ್ಲಿ ಕೂರಿಸಿದ. ಒಳಬಾಗಿಲಿಗೆ ಹೂವಿನ ಪರದೆ, ಅದರ ಹಿಂದೆ ಬಳೆಯ ಸದ್ದು. ಅವನು ಹಾಳೆ ಬಿಡಿಸಿದ.

ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ನಾನು ಅಂಥ ನಕ್ಷೆ ನೋಡಿರಲಿಲ್ಲ. ಓಣಿಯನ್ನು ತೆಳುವಾಗಿ ಬರೆದು ಬಿಟ್ಟಿದ್ದ. ಮನೆ ಮನೆಯ ನಡುಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳು. ಒಂದು ಅಡಿಗೆಮನೆಯಿಂದ ಪಕ್ಕದ ಮನೆಯ ಹಿಂಗೋಣೆಗೆ, ಅಲ್ಲಿಂದ ಅದರ ಆಚೆಯ ಮನೆಗೆ, ಕೆಂಪು ಪೆನ್ಸಿಲಿನ ಒಂದು ದಾರಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿತ್ತು.

‘ಇದು ಅಜ್ಜಿಯ ದಾರಿ ಸರ್’ ಎಂದ. ‘ನಾನು ಬೀದಿಯಲ್ಲಿ ಹೋಗ್ತೇನೆ, ಅವರು ಒಳಗಿಂದ ಹೋಗ್ತಾರೆ. ನನಗಿಂತ ಮೊದಲೇ ಮುಟ್ತಾರೆ. ಅವರು ಹೇಳಿದರು, ನಾನು ಬರೆದೆ.’

ಆ ಕೇರಿಯ ಹೆಂಗಸರು ಬೀದಿಗಿಳಿಯದೆ ಒಳಬಾಗಿಲುಗಳಿಂದಲೇ ಮನೆಯಿಂದ ಮನೆಗೆ ಹೋಗಿಬರುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಯಾವ ಬಾಗಿಲು ಯಾವ ಮನೆಗೆ ಎಂಬುದು ಮಾತ್ರ ಒಳಗಿನವರಿಗಷ್ಟೇ ಗೊತ್ತು. ಅದೆಲ್ಲ ಈಗ ನನ್ನ ಮುಂದೆ ಇತ್ತು. ಕೆಲವು ಬಾಗಿಲುಗಳ ಮೇಲೆ ಅಡ್ಡಗೆರೆ ಎಳೆದಿದ್ದ. ಇದೇನು ಎಂದು ಕೇಳಿದೆ.

‘ಮುಚ್ಚಿದ್ದು ಸರ್. ಮಾತು ಬಿಟ್ಟ ಮನೆಗಳು.’

ಸಭೆಯಲ್ಲಿ ಇದನ್ನು ಬಿಡಿಸಿ ಇಟ್ಟರೆ ಸಾಕು, ನಾನು ಬಾಯಿ ತೆರೆಯುವುದೇ ಬೇಡ ಎಂದು ಮನಸ್ಸು ಕುಣಿಯಿತು. ಧಾರವಾಡದ ಸಭೆಯಲ್ಲಿ ದೊಡ್ಡವರೆಲ್ಲ ಇದನ್ನು ನೋಡುತ್ತಾರೆ ಎಂದು ಇಸ್ಮಾಯಿಲನಿಗೆ ಹೇಳಿಯೂಬಿಟ್ಟೆ. ಆಗ ಪರದೆಯ ಹಿಂದಿನಿಂದ ಅಜ್ಜಿಯ ದನಿ ಬಂತು, ಅವರ ಮನೆಮಾತು ನವಾಯತಿಯಲ್ಲಿ. ಇಸ್ಮಾಯಿಲನ ಮುಖ ಸಣ್ಣದಾಯಿತು.

‘ನಾನು ಹೇಳಿದ್ದು ಮೊಮ್ಮಗನಿಗೆ, ಧಾರವಾಡಕ್ಕಲ್ಲ ಅಂತಾರೆ ಸರ್.’

ಇದರಲ್ಲಿ ಯಾರ ಹೆಸರೂ ಇಲ್ಲ ಎಂದು ನಾನು ಪರದೆಗೆ ಕೇಳುವಂತೆ ಹೇಳಿದೆ. ಉತ್ತರ ಕೂಡಲೇ ಬಂತು. ಇಸ್ಮಾಯಿಲ್ ತಡೆದು ತಡೆದು ಕನ್ನಡಕ್ಕೆ ತಂದ: ‘ಹೆಸರು ಯಾಕೆ, ಮನೆಯೇ ಇದೆಯಲ್ಲ ಅಂತಾರೆ. ಮುಚ್ಚಿದ ಬಾಗಿಲು ನಾಳೆ ಹಬ್ಬಕ್ಕೋ ಮದುವೆಗೋ ತೆರೀಬಹುದು. ಕಾಗದದಲ್ಲಿ ಮುಚ್ಚಿದ್ದನ್ನು ಯಾರು ತೆರೀತಾರೆ ಅಂತ ಕೇಳ್ತಾರೆ.’

ಒಂದು ಬಟ್ಟಲು ಅವಲಕ್ಕಿ, ಬೆಲ್ಲ ಕಾಯಿ ಕಲೆಸಿದ್ದು, ಪರದೆಯ ಅಡಿಯಿಂದ ಬಂತು. ಮನೆಯಲ್ಲಿ ಯಾರಿದ್ದಾರೆ ಎಂದು ಅಜ್ಜಿ ಕೇಳಿದರು. ಯಾರೂ ಇಲ್ಲ ಎಂದೆ. ಅವರು ಇನ್ನೊಂದು ಕೇಳಿದರು.

‘ನಿಮ್ಮ ಗೋಡೆಯ ಆಚೆ ಯಾರಿದ್ದಾರೆ ಅಂತ ಕೇಳ್ತಾರೆ ಸರ್’ ಎಂದ ಇಸ್ಮಾಯಿಲ್.

ರೈಲ್ವೆಯವರು ಯಾರೋ ಇದ್ದಾರೆ ಎಂದೆ. ಹೆಸರು ನನಗೆ ಗೊತ್ತಿರಲಿಲ್ಲ. ಅವಲಕ್ಕಿಯ ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟೆ. ಅಳು ಬರುವಂತಾಗಿತ್ತು, ಅದೂ ವಿದ್ಯಾರ್ಥಿಯ ಎದುರಿಗೆ.

ನಕ್ಷೆ ಇಲ್ಲೇ ಇರಲಿ ಎಂದು ನಾನು ಎದ್ದೆ. ಇಸ್ಮಾಯಿಲ್ ಒಪ್ಪಲಿಲ್ಲ. ನನ್ನ ಪಾಠಕ್ಕೆ ಬಂದಿದ್ದ ಕುತ್ತು ಅವನಿಗೆ ಗೊತ್ತಿತ್ತು. ಒಳಗೆ ಹೋಗಿ ಅಜ್ಜಿಯ ಹತ್ತಿರ ಮಾತಾಡಿ ಬಂದು, ‘ಬಾಗಿಲು ಅಳಿಸಿ ಕೊಡ್ತೇನೆ ಸರ್, ಹಾಗಾದರೆ ಆತು ಅಂತಾರೆ’ ಎಂದ. ನೆಲದ ಮೇಲೆ ಹಾಳೆ ಹರಡಿ, ರಬ್ಬರು ಹಿಡಿದು, ತಿಂಗಳೆಲ್ಲ ಕೂತು ಬರೆದದ್ದನ್ನು ಒಂದೊಂದಾಗಿ ಉಜ್ಜಿದ. ಕೆಂಪು ಪೆನ್ಸಿಲು ಪೂರ್ತಿ ಹೋಗಲಿಲ್ಲ, ಹಾಳೆಯುದ್ದಕ್ಕೂ ಮಾಸಲು ಕಲೆ ಉಳಿಯಿತು. ಉಳಿದದ್ದು ಒಂದು ತೆಳು ಓಣಿ, ಅದರ ಎರಡೂ ಕಡೆ ಖಾಲಿ ಚೌಕಗಳ ಸಾಲು. ಅದನ್ನು ಸುತ್ತಿ ಕೊಳವೆಯಲ್ಲಿ ಹಾಕಿಕೊಂಡೆ. ಬಸ್ ನಿಲ್ದಾಣದವರೆಗೆ ಅವನು ನನ್ನ ಚೀಲ ಹೊತ್ತು ಬಂದ.

ಬಂದ ದಾರಿಯಲ್ಲೇ ಹಿಂದಿರುಗಿದೆ. ಘಟ್ಟ ಹತ್ತುವ ಮೊದಲು ತಿರುಗಿ ನೋಡಿದಾಗ ತೆಂಗಿನ ತಲೆಗಳ ಆಚೆ ಸಮುದ್ರದ ಒಂದು ಚೂರು ಕಂಡು, ಮುಂದಿನ ತಿರುವಿಗೆ ಮರೆಯಾಯಿತು. ಮನೆ ಮುಟ್ಟಿ ಬೀಗ ತೆಗೆದವನು ಒಳಗೆ ಹೋಗುವ ಮೊದಲು ಪಕ್ಕದ ಮನೆಯ ಮುಂದೆ ನಿಂತೆ. ಅಲ್ಲೂ ಬೀಗ. ವರ್ಗವಾಗಿ ಮೀರಜಿಗೆ ಹೋದರು ಎಂದು ಹಾಲಿನವನು ಹೇಳಿದ.

ಸಭೆಯಲ್ಲಿ ಹಿರಿಯರೊಬ್ಬರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಇದೇನು, ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು? ಹುಡುಗನಿಗೆ ಗೋಡೆಯ ಗೆರೆಯೂ ಬರೋದಿಲ್ಲವೇ?’ ಎಂದರು. ಅಲ್ಲಿ ಏನಿತ್ತೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ತಪ್ಪಾಗಿತ್ತು, ತಿದ್ದಿಕೊಂಡಿದ್ದಾನೆ’ ಎಂದೆ. ಚಹಾ ಬರುವುದರೊಳಗೆ ಪಾಠವನ್ನು ತೆಗೆದುಹಾಕಿದರು.

ಜೂನ್ ತಿಂಗಳಲ್ಲಿ ಕಾಲೇಜು ತೆರೆದಾಗ ಇಸ್ಮಾಯಿಲ್ ನನ್ನ ಕೋಣೆಗೆ ಬಂದು, ಯಾವ ಶನಿವಾರದಿಂದ ಶುರು ಸರ್ ಎಂದು ಕೇಳಿದ. ಪಾಠ ನಿಂತಿದೆ ಎಂದು ಹೇಳಬೇಕಾಯಿತು. ಅವನು ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ.

‘ನಾನು ಅಳಿಸಿದ್ದಕ್ಕಾ ಸರ್?’

‘ಅಲ್ಲಪ್ಪ, ಅದನ್ನು ಅವರು ಬಿಡಿಸಿಯೂ ನೋಡಲಿಲ್ಲ’ ಎಂದೆ.